ದೊಡ್ಡಮ್ಮನ ಕಾರ್ಬುರೇಟರ್

ಸೆರಿಟೋಸ್
ಲಾಸ್ ಏಂಜಲೀಸ್ ಕೌಂಟಿ
ಫೆಬ್ರವರಿ 11, 1996

ಮಹಾಂತಣ್ಣನಿಗೆ,

ನನ್ನ ಗಂಡನನ್ನು ಕೊಂದ ಕಾರು ಕಳೆದ ವಾರ ಮನೆಗೆ ಬಂತು. ಪೊಲೀಸರೂ ಇನ್ಶೂರೆನ್ಸಿನವರೂ ನೋಡುವುದನ್ನೆಲ್ಲ ನೋಡಿ ಮುಗಿಸಿದರಂತೆ. ‘ವೇಗ ಹೆಚ್ಚಾಗಿತ್ತು’ ಎಂದು ಬರೆದುಕೊಂಡು, ಇನ್ನು ನೀವೇ ಇಟ್ಟುಕೊಳ್ಳಿ ಎಂಬಂತೆ ಗ್ಯಾರೇಜಿನಲ್ಲಿ ಇಳಿಸಿ ಹೋದರು. ಮುಂದಿನ ಮೂತಿಯೇ ಇಲ್ಲ. ಹಿಂದಿನ ರೆಕ್ಕೆಗಳು ಮಾತ್ರ ನೆಟ್ಟಗಿವೆ, ಪೂಜೆಯ ದಿನ ಇವರು ಒರೆಸಿದ್ದ ಹೊಳಪು ಇನ್ನೂ ಹೋಗಿಲ್ಲ. ಮೇಲೊಂದು ಹಳೆಯ ಬೆಡ್‌ಶೀಟ್ ಹೊದೆಸಿದ್ದೇನೆ. ವಾಷಿಂಗ್ ಮಷೀನ್ ಅದರ ಆಚೆ ಇರುವುದರಿಂದ ಬಟ್ಟೆ ಒಗೆಯಬೇಕಾದಾಗಲೆಲ್ಲ ಅದನ್ನು ದಾಟಿಕೊಂಡೇ ಹೋಗಬೇಕು. ಹೋಗುತ್ತೇನೆ. ಏನೂ ಅನಿಸುವುದಿಲ್ಲ.

ಅದೇ ನನಗೆ ಹೆದರಿಕೆ. ಅಕ್ಟೋಬರಿನಿಂದ ಈಚೆ ಒಂದು ಹನಿ ಕಣ್ಣೀರು ಬಂದಿಲ್ಲ. ಬಂದವರೆಲ್ಲ ಅತ್ತರು, ನಾನು ಅವರಿಗೆ ಕಾಫಿ ಮಾಡಿಕೊಟ್ಟೆ. ಎಷ್ಟು ಗಟ್ಟಿ ಹೆಂಗಸು ಎಂದು ಹೊಗಳಿ ಹೋದರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಹಲ್ಲಿನ ಡಾಕ್ಟರ ಸೂಜಿ ಚುಚ್ಚಿಸಿಕೊಂಡವರು ತುಟಿ ಮುಟ್ಟಿ ನೋಡಿಕೊಳ್ಳುವುದಿಲ್ಲವೇ, ಹಾಗೆ ಇದ್ದೇನೆ.

ನಿಮ್ಮ ಹತ್ತಿರ ಫೋನಿನಲ್ಲಿ ಮಾತಾಡಬಹುದಿತ್ತು. ಎರಡು ಸಲ ನಂಬರ್ ಒತ್ತಿ ಇಟ್ಟುಬಿಟ್ಟೆ. ಫೋನಿನಲ್ಲಿ ನೀವು ಸುಮ್ಮನಾದರೆ ಆ ಮೌನಕ್ಕೆ ಏನು ಅರ್ಥ ಮಾಡಿಕೊಳ್ಳಲಿ? ಕಾಗದದಲ್ಲಿ ಆ ಕಷ್ಟವಿಲ್ಲ.

ಕೇಳಬೇಕಾದದ್ದು ಇಷ್ಟೇ. ಕಳೆದ ಆಗಸ್ಟಿನಲ್ಲಿ ಆ ಕಾರಿನ ಎಂಜಿನ್ನಿಗೆ ಪೆಟ್ರೋಲ್ ಕಳಿಸುವ ಫ್ಯೂಯೆಲ್ ಇಂಜೆಕ್ಷನ್ ತೆಗೆದು, ಅದರ ಜಾಗಕ್ಕೆ ಕಾರ್ಬುರೇಟರ್ ಹಾಕಿದವರು ನೀವು. ಅಕ್ಟೋಬರಿನಲ್ಲಿ ಫ್ರೀವೇ ಹತ್ತುವಾಗ ಕಾರು ಹಿಡಿತಕ್ಕೆ ಸಿಗದೆ ಓಡಿ, ಅಂಚಿನಲ್ಲಿ ನಿಂತಿದ್ದ ಲಾರಿಯ ಹಿಂಬದಿಗೆ ನುಗ್ಗಿತು. ಬ್ರೇಕ್ ಒತ್ತಿದ ಗುರುತು ರಸ್ತೆಯುದ್ದಕ್ಕೂ ಇತ್ತಂತೆ. ಇಲ್ಲಿ ಆರ್ಟೀಸಿಯಾದ ಅಂಗಡಿಗಳಲ್ಲಿ ನಮ್ಮವರು ತರಕಾರಿ ಆರಿಸುತ್ತ ನಿಮ್ಮ ಹೆಸರು ಹೇಳುತ್ತಾರೆ, ನಾನು ಹತ್ತಿರ ಬಂದರೆ ಬೆಂಡೆಕಾಯಿಯ ರೇಟು ಮಾತಾಡುತ್ತಾರೆ. ಶ್ರೀಜಾ ಪಿಸುಗುಟ್ಟುವವಳಲ್ಲ. ನನ್ನ ಮಗಳು ಎಲ್ಲರೆದುರಿಗೇ ಹೇಳುತ್ತಾಳೆ, ಮಹಾಂತ್ ಅಂಕಲ್ ಸರಿಯಾಗಿ ಫಿಟ್ ಮಾಡಲಿಲ್ಲ, ಅದಕ್ಕೇ ಅಪ್ಪ ಹೋದರು ಎಂದು. ನಿಮ್ಮಲ್ಲಿಗೆ ಬರುವುದನ್ನು ಅವಳು ನಿಲ್ಲಿಸಿದ್ದು ನನಗೆ ಗೊತ್ತು.

ಕಾರನ್ನು ತೆಗೆದುಕೊಂಡು ಹೋಗಿ. ಬಿಚ್ಚಿ ನೋಡಿ. ಏನಾಗಿತ್ತೆಂದು ನನಗೆ ಬರೆಯಿರಿ. ನಿಮ್ಮದೇ ತಪ್ಪಾಗಿದ್ದರೂ ಸಿಟ್ಟು ಬರಲಿಕ್ಕಿಲ್ಲ, ಬಂದರೆ ನನಗೆ ಒಳ್ಳೆಯದೇ.

ಸುಗಂಧಿ

*

ಕಾರ್ಲ್ಸ್‌ಬಾಡ್
ಫೆಬ್ರವರಿ 20, 1996

ಸುಗಂಧಿ ವೈನಿಯವರಿಗೆ,

ನಿಮ್ಮ ಕಾಗದ ಓದಿ ಮಡಚಿಟ್ಟು, ಹೊರಗೆ ಹೋಗಿ ಹುಲ್ಲು ಕತ್ತರಿಸಿ ಬಂದು, ಮತ್ತೆ ಓದಿದೆ. ಎರಡನೆಯ ಸಲವೂ ಅದೇ ಇತ್ತು.

ಯಾರೂ ನನ್ನನ್ನು ಎದುರಿಗೆ ಕೇಳಿರಲಿಲ್ಲ. ನೀವು ಕೇಳಿದಿರಿ. ಅದಕ್ಕೆ ನಾನು ಋಣಿ. ಬರುವ ಶನಿವಾರ ಫ್ಲ್ಯಾಟ್‌ಬೆಡ್ ಲಾರಿಯವನನ್ನು ಕಳಿಸುತ್ತೇನೆ. ನಾನು ಬರುವುದಿಲ್ಲ. ನಿಮ್ಮ ಮನೆಯೆದುರು ನಿಂತು ಆ ಕಾರನ್ನು ಏರಿಸುವುದು ನನ್ನಿಂದಾಗದು.

ಆ ಕಾರಿನ ವಿಷಯದಲ್ಲಿ ನನಗೂ ಶಂಭುವಿಗೂ ಹನ್ನೆರಡು ವರ್ಷ ಜಗಳ ನಡೆದದ್ದು ನಿಮಗೆ ಗೊತ್ತೇ ಇದೆ. ಐವತ್ತೇಳರಲ್ಲಿ ಅದು ಫ್ಯಾಕ್ಟರಿಯಿಂದ ಹೊರಬಿದ್ದಾಗ ಇಂಜೆಕ್ಷನ್ನಿನ ಕಾರೇ. ಆ ಕಾಲದಲ್ಲಿ ರಿಪೇರಿಯವರಿಗೆ ಅದರ ತಲೆಬುಡ ತಿಳಿಯಲಿಲ್ಲ, ಮೊದಲ ಯಜಮಾನ ಕಿತ್ತು ಬಿಸಾಡಿ ಕಾರ್ಬುರೇಟರ್ ಹಾಕಿಸಿಕೊಂಡ. ಶಂಭು ಕೊಂಡಾಗ ಹಾಗೇ ಇತ್ತು. ನಾನೋ ಹಗಲೆಲ್ಲ ವಿಮಾನದ ಎಂಜಿನ್ನಿಗೆ ಇಂಧನ ಹೇಗೆ ಹೋಗಬೇಕೆಂದು ಲೆಕ್ಕ ಹಾಕುವವನು. ಹುಟ್ಟಿದಾಗಿನ ರೂಪಕ್ಕೇ ತರಬೇಕೆಂದು ಹಟ ಹಿಡಿದು, ಹಳೆಯ ಸಾಮಾನಿನ ಸಂತೆಗಳನ್ನೆಲ್ಲ ಅಲೆದು ಇಂಜೆಕ್ಷನ್ ಯುನಿಟ್ ತಂದು ಕೂಡಿಸಿದೆ. ಬೆಳಗಿನ ತಂಪಿನಲ್ಲಿ ಎಷ್ಟು ಚೆನ್ನಾಗಿ ಓಡುತ್ತಿತ್ತು. ಬಿಸಿಲೇರಿದಾಗ ಮಾತ್ರ ಅದರ ಸಣ್ಣ ಕೊಳವೆಗಳಲ್ಲಿ ಪೆಟ್ರೋಲ್ ಕುದಿದು ಆವಿಯಾಗುತ್ತಿತ್ತು. ಒಮ್ಮೆ ನಿಂತರೆ ಆರುವ ತನಕ ಮತ್ತೆ ಹೊರಡುತ್ತಿರಲಿಲ್ಲ. ‘ನಿನ್ನ ಇಂಜೆಕ್ಷನ್ನಿಗೇ ಒಂದು ಇಂಜೆಕ್ಷನ್ ಕೊಡ್ಬೇಕು ಮಾರಾಯ’ ಎನ್ನುತ್ತಿದ್ದ ಶಂಭು. ಅವನು ಅದಕ್ಕೆ ದೊಡ್ಡಮ್ಮ ಎಂದು ಹೆಸರಿಟ್ಟದ್ದೇ ಅದರ ಮುನಿಸು ನೋಡಿ.

ಜುಲೈನಲ್ಲಿ 405 ಫ್ರೀವೇಯ ನಡುವೆ ಅದು ನಿಂತು, ನೀವಿಬ್ಬರೂ ಸುಡುಬಿಸಿಲಲ್ಲಿ ಬೇಲಿಗೆ ಆತುಕೊಂಡು ಕೂತದ್ದಾಯಿತು. ಕಾರ್ಬುರೇಟರ್ ಹಾಕುವ ತನಕ ಅದರೊಳಗೆ ಕಾಲಿಡುವುದಿಲ್ಲ ಎಂದಿರಿ. ಹಾಕಿದೆ. ಹಾಕಿದ ಒಂದೊಂದು ಬೋಲ್ಟನ್ನೂ ಈ ನಾಲ್ಕು ತಿಂಗಳಲ್ಲಿ ಮನಸ್ಸಿನಲ್ಲೇ ಮತ್ತೆ ಮತ್ತೆ ಬಿಗಿಸಿ ನೋಡಿದ್ದೇನೆ. ಎಲ್ಲಿ ತಪ್ಪಿದೆನೋ ಗೊತ್ತಾಗುತ್ತಿಲ್ಲ. ತಪ್ಪು ನನ್ನದಾಗಿದ್ದರೆ ಹಾಗೆಂದೇ ಬರೆಯುತ್ತೇನೆ, ಸುತ್ತಿ ಬಳಸುವುದಿಲ್ಲ.

ಶ್ರೀಜಾ ಬರುವುದಿಲ್ಲವೆಂದು ಗೊತ್ತಿದ್ದರೂ ಜಯದೇವಿ ಶನಿವಾರ ಶನಿವಾರ ಮೂವರಿಗಾಗುವಷ್ಟೇ ರೊಟ್ಟಿ ಬಡಿಯುತ್ತಾಳೆ. ಉಳಿದದ್ದನ್ನು ಸೋಮವಾರ ನಾವಿಬ್ಬರೂ ತಿನ್ನುತ್ತೇವೆ. ನಮಗೆ ಮಕ್ಕಳಿಲ್ಲ. ಅವಳು ಲಾ ಹೋಯಾದ ಕಾಲೇಜಿಗೆ ಬಂದ ಒಂದು ವರ್ಷ ನಮಗೊಬ್ಬಳು ಮಗಳಿದ್ದಳು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಮಹಾಂತಪ್ಪ

*

ಸೆರಿಟೋಸ್
ಮಾರ್ಚ್ 9, 1996

ಮಹಾಂತಣ್ಣನಿಗೆ,

ಲಾರಿಯವನು ಬಂದು ಕಾರನ್ನು ಒಯ್ದ. ಬೆಡ್‌ಶೀಟನ್ನು ಮಡಚಿ ನನ್ನ ಕೈಗೆ ಕೊಟ್ಟು, ಸಾರಿ ಮ್ಯಾಮ್ ಎಂದ. ಅವನಿಗೆ ಯಾರೂ ಏನೂ ಹೇಳಿರಲಿಲ್ಲ, ಕಾರು ನೋಡಿಯೇ ಅರ್ಥವಾಗಿರಬೇಕು.

ಗ್ಯಾರೇಜು ಖಾಲಿಯಾಗಿದೆ. ನೆಲದ ಮೇಲೆ ಎಣ್ಣೆಯ ಕಲೆ ಉಳಿದಿದೆ. ಉಜ್ಜಿದೆ, ಹೋಗಲಿಲ್ಲ, ಬಿಟ್ಟೆ.

ನಾನು ಮತ್ತೆ ಕೆಲಸಕ್ಕೆ ಹೋಗುತ್ತಿದ್ದೇನೆ. ಲೈಬ್ರರಿಯಲ್ಲಿ ಪುಸ್ತಕ ಜೋಡಿಸುವುದಕ್ಕೆ ಮನುಷ್ಯರು ಎಚ್ಚರವಾಗಿರಬೇಕೆಂದೇನಿಲ್ಲ. ಶ್ರೀಜಾ ಭಾನುವಾರ ಫೋನ್ ಮಾಡುತ್ತಾಳೆ. ಊಟವಾಯಿತಾ ಎಂದರೆ ಹ್ಞೂಂ, ಪರೀಕ್ಷೆ ಹೇಗಾಯಿತು ಎಂದರೆ ಫೈನ್. ಅಪ್ಪನ ಮಾತು ಬಂದರೆ ನಿಮ್ಮ ಹೆಸರು ಹೇಳಿ ಇಟ್ಟುಬಿಡುತ್ತಾಳೆ.

ನೋಡಿದಿರಾ? ಏನಾದರೂ ಗೊತ್ತಾಯಿತೇ?

ಸುಗಂಧಿ

*

ಕಾರ್ಲ್ಸ್‌ಬಾಡ್
ಏಪ್ರಿಲ್ 21, 1996

ಸುಗಂಧಿ ವೈನಿಯವರಿಗೆ,

ತಡವಾಯಿತು. ನೋಡಿ ಬಹಳ ದಿನವಾಗಿತ್ತು, ಬರೆಯಲು ಕೈ ಬರಲಿಲ್ಲ.

ಕಾರ್ಬುರೇಟರ್ ಒಡೆದಿರಲಿಲ್ಲ. ಆಕ್ಸಿಲರೇಟರ್ ಪೆಡಲಿನಿಂದ ಬರುವ ಸರಳು ಬಾಗಿತ್ತು, ಆದರೆ ಅದು ಲಾರಿಗೆ ಹೊಡೆದ ಏಟಿಗೆ ಬಾಗಿದ್ದು. ಕಾಲೆತ್ತಿದಾಗ ಅದನ್ನು ಹಿಂದಕ್ಕೆಳೆಯುವ ಸ್ಪ್ರಿಂಗ್ ಇತ್ತು, ಗಟ್ಟಿಯಾಗಿತ್ತು. ನಾನು ಬಿಗಿಸಿದ್ದೆಲ್ಲ ಬಿಗಿಯಾಗಿಯೇ ಇತ್ತು. ಒಂದು ಗಳಿಗೆ ಸಮಾಧಾನವಾಯಿತು, ಸುಳ್ಳು ಹೇಳುವುದಿಲ್ಲ.

ಗಾಳಿ, ಪೆಟ್ರೋಲ್ ಬೆರೆತು ಎಂಜಿನ್ನಿಗೆ ಇಳಿಯಲು ಆ ಕಾರ್ಬುರೇಟರಿಗೆ ನಾಲ್ಕು ಬಾಯಿ. ಮುಂದಿನ ಎರಡು ಯಾವಾಗಲೂ ಕೆಲಸ ಮಾಡುತ್ತವೆ. ಹಿಂದಿನ ಎರಡು ಮುಚ್ಚಿಯೇ ಇರುತ್ತವೆ, ಪೆಡಲನ್ನು ಪೂರ್ತಿ ಒತ್ತಿದಾಗ ಮಾತ್ರ ಅವುಗಳ ತಳದ ತಗಡು ತಿರುಗಿ ದಾರಿ ಬಿಡುತ್ತದೆ. ಆ ಎರಡರಲ್ಲಿ ಒಂದರ ತಗಡು ಮುಚ್ಚಿರಲಿಲ್ಲ. ಟಾರ್ಚ್ ಹಾಕಿ ನೋಡಿದೆ. ತಗಡಿಗೂ ಗೋಡೆಗೂ ನಡುವೆ ಒಂದು ಅಕ್ಕಿಕಾಳು ಸಿಕ್ಕಿಕೊಂಡಿತ್ತು. ಹಳದಿ ಬಣ್ಣದ್ದು.

ಅಕ್ಷತೆ, ವೈನಿ.

ಪೂಜೆಯ ದಿನ ನೆನಪು ಮಾಡಿಕೊಳ್ಳಿ. ಆಯುಧಪೂಜೆಯನ್ನು ಭಾನುವಾರವೇ ಮಾಡಿಬಿಡೋಣವೆಂದು ನಿಮ್ಮ ಡ್ರೈವ್‌ವೇಯಲ್ಲಿ ಸೇರಿದ್ದೆವು. ನೀವು ಆರತಿ ತಟ್ಟೆ ಹಿಡಿದಿದ್ದಿರಿ. ಜಯದೇವಿ ಚಕ್ರಗಳಿಗೆ ನಿಂಬೆಹಣ್ಣು ಇಡುತ್ತಿದ್ದಳು. ನಾನು ತೆಂಗಿನಕಾಯಿ ಒಡೆಯಲು ಕಲ್ಲು ಹುಡುಕುತ್ತಿದ್ದೆ. ಶಂಭು ಬಾನೆಟ್ ಎತ್ತಿ, ಕಾರ್ಬುರೇಟರಿನ ಮೇಲೆ ಕೂರುವ ಏರ್ ಕ್ಲೀನರಿನ ಮುಚ್ಚಳವನ್ನೂ ಬಿಚ್ಚಿಟ್ಟ. ಯಾಕೆ ಎಂದೆ. ‘ಅದು ಉಸಿರಾಡುವ ಬಾಯಿ ಮಾರಾಯ, ಪೂಜೆ ಅಲ್ಲಿಗೇ ಆಗ್ಬೇಕು’ ಎಂದ. ಅಲ್ಲಿಗೆ ಅಕ್ಷತೆ ಹಾಕಲು ಶ್ರೀಜಾಳನ್ನು ಕರೆದ. ಅವಳು ಬೊಗಸೆ ತುಂಬ ಹಾಕಿದಳು. ಬೇರೆ ಯಾರೂ ಎಂಜಿನ್ನಿನ ಹತ್ತಿರ ಹೋಗಿರಲಿಲ್ಲ.

ಬಿದ್ದ ಕಾಳುಗಳು ಹಿಂದಿನ ಬಾಯಿಗಳ ತಳದಲ್ಲಿ ಸುಮ್ಮನೆ ಕೂತಿದ್ದವು. ಆ ವಾರ ಅವನು ಕಾರನ್ನು ತರಕಾರಿ ಅಂಗಡಿಗೆ ಒಯ್ದಿದ್ದ, ಅಲ್ಲಿಗೆ ಪೆಡಲ್ ಪೂರ್ತಿ ಒತ್ತುವ ಪ್ರಮೇಯವಿಲ್ಲ. ಶುಕ್ರವಾರ ಮಾತ್ರ ದೊಡ್ಡಮ್ಮನನ್ನು ವುಡ್‌ಲ್ಯಾಂಡ್ ಹಿಲ್ಸ್‌ನ ಆಫೀಸಿಗೆ ಒಯ್ಯುವ ಪದ್ಧತಿಯಲ್ಲವೇ? ಫ್ರೀವೇ ಹತ್ತಲು ಮೊದಲ ಸಲ ಪೂರ್ತಿ ಒತ್ತಿದ. ತಗಡು ತೆರೆಯಿತು, ಕಾಳು ಜಾರಿ ಸಂದಿಗೆ ಬಿತ್ತು. ಕಾಲೆತ್ತಿದರೂ ಮುಚ್ಚಲಿಲ್ಲ. ಕೀ ತಿರುಗಿಸಿದ್ದರೆ ಎಂಜಿನ್ ನಿಲ್ಲುತ್ತಿತ್ತು. ಬ್ರೇಕಿನ ಮೇಲೆ ನಿಂತವನಿಗೆ ಅದು ಹೊಳೆಯಲಿಲ್ಲ.

ಇಂಜೆಕ್ಷನ್ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ. ಅದು ಪಕ್ಕದಿಂದ ಉಸಿರೆಳೆಯುತ್ತಿತ್ತು, ಮೇಲಕ್ಕೆ ಬಾಯಿ ತೆರೆದುಕೊಂಡಿರಲಿಲ್ಲ. ಇದನ್ನು ಬರೆಯದೆಯೂ ಇರಬಹುದಿತ್ತು.

ಜಯದೇವಿಗೆ ಮಾತ್ರ ಹೇಳಿದ್ದೇನೆ. ಈಗ ನನ್ನ ಒಂದು ಮಾತು ನಡೆಸಿಕೊಡಿ. ಶ್ರೀಜಾಳಿಗೆ ಇನ್ನೂ ಇಪ್ಪತ್ತು ತುಂಬಿಲ್ಲ. ಈ ಕಾಳನ್ನು ಹೊತ್ತು ಅವಳು ಬದುಕಬೇಕಾಗಿಲ್ಲ. ಹೇಗೂ ನನ್ನ ಹೆಸರು ಹೇಳುತ್ತಿದ್ದಾಳೆ. ಹೌದು ಮಗಾ, ನಾನು ಹಾಕಿದ ಸ್ಪ್ರಿಂಗ್ ಮುರಿದಿತ್ತು ಎಂದುಬಿಡುತ್ತೇನೆ. ಅಲ್ಲಿಗೆ ಮುಗಿಯಲಿ.

ಮಹಾಂತಪ್ಪ

*

ಸೆರಿಟೋಸ್
ಮೇ 5, 1996

ಮಹಾಂತಣ್ಣನಿಗೆ,

ನಿಮ್ಮ ಕಾಗದ ಓದಿ ಅಡುಗೆಮನೆಗೆ ಹೋಗಿ ಅಕ್ಕಿಯ ಡಬ್ಬ ನೋಡಿದೆ. ಅರ್ಧ ಇತ್ತು. ಮುಚ್ಚಳ ಹಾಕಿ ಬಂದೆ. ಇಷ್ಟೇ ಮಾಡಿದ್ದು. ಅಕ್ಕಿಗೆ ಅರಿಸಿನ ಕಲಸಿದ್ದು ನಾನು, ಬಟ್ಟಲನ್ನು ಅವಳ ಕೈಗಿಟ್ಟದ್ದೂ ನಾನು. ಅದಕ್ಕಾದರೂ ಎದೆ ಒಡೆಯಬೇಕಿತ್ತು. ಒಡೆಯಲಿಲ್ಲ.

ನೀವು ಕೇಳಿದ್ದಕ್ಕೆ ಉತ್ತರ ಬರೆಯುವ ಮೊದಲು ಒಂದು ವಾರ ಯೋಚಿಸಿದೆ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ಯೋಚಿಸಲಿಲ್ಲ. ಓದಿದ ಕೂಡಲೇ ಹ್ಞೂಂ ಎಂದುಕೊಂಡೆ. ಇವರು ಇಪ್ಪತ್ತೆರಡು ವರ್ಷ ತಮ್ಮನಂತೆ ನೋಡಿದ ನಿಮ್ಮನ್ನು ಬಿಟ್ಟುಕೊಡಲು ನನಗೆ ಒಂದು ನಿಮಿಷವೂ ಬೇಕಾಗಲಿಲ್ಲ. ಇವರಿದ್ದಿದ್ದರೆ ನನ್ನನ್ನು ಬೈಯುತ್ತಿದ್ದರು. ಇವರಿಲ್ಲ.

ಹೇಳಿ. ಹಾಗೇ ಹೇಳಿ. ಅವಳು ನಂಬುವಂತೆ ಹೇಳಿ. ನಾನು ನಿಮ್ಮ ಪರವಾಗಿ ಬಾಯಿಬಿಡುವುದಿಲ್ಲ, ನಿಮ್ಮ ಮೇಲೆ ಒಂದು ಮಾತು ಆಡುವುದೂ ಇಲ್ಲ. ಜಯದೇವಿಯ ಮುಖ ನೋಡಲು ಮಾತ್ರ ನನಗೆ ಧೈರ್ಯವಿಲ್ಲ, ನೀವೇ ಸಮಾಧಾನ ಮಾಡಿ.

ಸಾಯುವ ತನಕ ನಿಮಗೆ ತಲೆಬಾಗಿರಬೇಕಾದವಳು,
ಸುಗಂಧಿ

*

ಕಾರ್ಲ್ಸ್‌ಬಾಡ್
ಜೂನ್ 16, 1996

ಸುಗಂಧಿ ವೈನಿಯವರಿಗೆ,

ಹೇಳಿದೆ.

ಮನೆಗೆ ಬರಲೊಪ್ಪಲಿಲ್ಲ, ಕಾಲೇಜಿಗೆ ನಾನೇ ಹೋದೆ. ನೀಲಗಿರಿ ಮರದ ಕೆಳಗೆ ಒಂದು ಬೆಂಚಿನ ಮೇಲೆ ಕೂತಿದ್ದಳು. ಬಹಳ ಇಳಿದುಹೋಗಿದ್ದಾಳೆ. ನಾನು ಮನೆಯಿಂದಲೇ ಪಾಠ ಮಾಡಿಕೊಂಡು ಹೋಗಿದ್ದನ್ನು ಒಪ್ಪಿಸಿದೆ. ಹಳೆಯ ಸ್ಪ್ರಿಂಗ್ ಹಾಕಿದ್ದೆ, ಹೊಸದು ಹಾಕಬೇಕಿತ್ತು, ಮುರಿಯಿತು, ತಪ್ಪು ನನ್ನದು ಎಂದೆ. ಬೈಯುತ್ತಾಳೆ ಎಂದುಕೊಂಡಿದ್ದೆ, ಅಳುತ್ತಾಳೆ ಎಂದೂ ಅಂದುಕೊಂಡಿದ್ದೆ. ಎರಡೂ ಮಾಡಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು. ಸ್ಪ್ರಿಂಗ್ ಮಾತ್ರವೇ, ಮತ್ತೇನೂ ಇರಲಿಲ್ಲವೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಮತ್ತೇನೂ ಇಲ್ಲ ಎಂದೆ. ಓಕೆ ಅಂಕಲ್ ಎಂದು ಎದ್ದಳು. ಬಸ್‌ಸ್ಟಾಪಿನ ಕಡೆ ಹೋಗುವಾಗ ತಿರುಗಿ ನೋಡಲಿಲ್ಲ.

ಕೆಲಸ ಸುಲಭವಾಗಿ ಆಯಿತು. ಆಗಬೇಕಾದ್ದಕ್ಕಿಂತ ಸುಲಭವಾಗಿ ಆಯಿತೋ ಏನೋ ಎಂದು ಒಂದು ಸಣ್ಣ ಮುಳ್ಳು ಒಳಗೆ ಉಳಿದಿದೆ.

ಜಯದೇವಿ ಎರಡು ದಿನ ನನ್ನೊಡನೆ ಮಾತು ಬಿಟ್ಟಳು. ಮೂರನೆಯ ದಿನ ಬಿಟ್ಟ ಬಾಯಿ ನಿಲ್ಲಲೇ ಇಲ್ಲ. ‘ನಿಮಗ ತಲಿ ಕೆಟ್ಟೈತೇನ್ರೀ? ಮಾಡದ ತಪ್ಪು ಹೊತಗೊಂಡು ಇದ್ದ ಒಬ್ಬ ಮಗಳನ್ನ ಕಳಕೊಂಡ್ರಿ’ ಎಂದಳು. ಶನಿವಾರ ಈಗ ಇಬ್ಬರಿಗಾಗುವಷ್ಟೇ ಹಿಟ್ಟು ನಾದುತ್ತಾಳೆ.

ಸುದ್ದಿ ಹರಡಿದೆ. ಕಳೆದ ವಾರ ನಮ್ಮ ಕನ್ನಡದವರ ಪಿಕ್ನಿಕ್ಕಿಗೆ ಹೋಗಿದ್ದೆವು. ಯಾರೂ ಒರಟಾಗಿ ನಡೆದುಕೊಳ್ಳಲಿಲ್ಲ. ಚಂದ್ರಮೋಹನ್ ತಮ್ಮ ಕಾರಿನ ಬಾನೆಟ್ ಎತ್ತಿ ನೋಡುತ್ತಿದ್ದರು. ಅಭ್ಯಾಸಬಲದಿಂದ ಹತ್ತಿರ ಹೋದೆ. ಪರವಾಗಿಲ್ಲ ಬಿಡಿ ಎಂದು ಮೆತ್ತಗೆ ಬಾನೆಟ್ ಮುಚ್ಚಿದರು.

ಮಹಾಂತಪ್ಪ

*

ಸೆರಿಟೋಸ್
ಸೆಪ್ಟೆಂಬರ್ 8, 1996

ಮಹಾಂತಣ್ಣನಿಗೆ,

ಇಡೀ ಬೇಸಿಗೆ ಶ್ರೀಜಾ ಇಲ್ಲೇ ಇದ್ದಳು. ಈಗ ಹೊರಡುವ ತಯಾರಿಯಲ್ಲಿದ್ದಾಳೆ. ಓಷನ್‌ಸೈಡ್ ತನಕ ರೈಲು, ಅಲ್ಲಿಂದ ಬಸ್ಸು. ನನ್ನ ಕಾರಿನಲ್ಲಿ ಬಿಟ್ಟುಬರುತ್ತೇನೆ ಎಂದರೆ ಬೇಡವಂತೆ. ಯಾರ ಕಾರಿನಲ್ಲೂ ಅವಳು ಕೂರುವುದಿಲ್ಲ. ಲಾಸ್ ಏಂಜಲೀಸಿನಲ್ಲಿ ಕಾರು ಹತ್ತದೆ ಬದುಕುವುದೆಂದರೆ ಸನ್ಯಾಸವೇ ಸರಿ. ಗೆಳತಿ ಕುಮುದಾಳ ಮನೆಗೆ ಮುಕ್ಕಾಲು ಗಂಟೆ ನಡೆದೇ ಹೋಗಿ ಬಂದಳು.

ನೀವು ಹೇಳಿದ ಮೇಲೆ ಅವಳಿಗೆ ಹಗುರವಾಗುತ್ತದೆ ಎಂದು ನಂಬಿದ್ದೆ. ನಿಮ್ಮ ಹೆಸರನ್ನು ಈಗ ಹೇಳುವುದೇ ಇಲ್ಲ. ಸಿಟ್ಟು ಇಳಿದಿರಬೇಕು ಎಂದುಕೊಂಡೆ. ಆದರೆ ಸಿಟ್ಟಿನ ಜಾಗಕ್ಕೆ ಬೇರೇನೂ ಬಂದಿಲ್ಲ. ಸಂಜೆ ನಾವಿಬ್ಬರೂ ಸೋಫಾದ ಎರಡು ತುದಿಗೆ ಕೂತು ಟೀವಿ ನೋಡುತ್ತಿದ್ದೆವು. ಒಮ್ಮೆ ಅವಳು ಟೀವಿಯ ಧ್ವನಿ ತಗ್ಗಿಸಿ, ಅಮ್ಮಾ ಎಂದು ಕರೆದಳು. ಏನು ಎಂದೆ. ನನಗೆ ಹೆದರಿಕೆಯಾಗಿರಬೇಕು, ಧ್ವನಿ ಗಡುಸಾಗಿ ಬಂತು. ನಥಿಂಗ್ ಎಂದು ಮತ್ತೆ ಧ್ವನಿ ಏರಿಸಿದಳು.

ನನ್ನ ಹಾಗೇ ಆಗಿಬಿಟ್ಟಿದ್ದಾಳೆ, ಮಹಾಂತಣ್ಣ. ನಾವು ಅವಳನ್ನು ಉಳಿಸಿದೆವು ತಾನೇ?

ಸುಗಂಧಿ

*

ಕಾರ್ಲ್ಸ್‌ಬಾಡ್
ಅಕ್ಟೋಬರ್ 20, 1996

ಸುಗಂಧಿ ವೈನಿಯವರಿಗೆ,

ಈ ಕಾಗದವನ್ನು ಶ್ರೀಜಾಳ ಕೈಯಲ್ಲೇ ಕಳಿಸುತ್ತಿದ್ದೇನೆ. ನಿನ್ನೆ ಬೆಳಿಗ್ಗೆ ಬಾಗಿಲು ತೆರೆದರೆ ನಿಂತಿದ್ದಳು. ಬಸ್‌ಸ್ಟಾಪಿನಿಂದ ನಡೆದು ಬಂದು ಮುಖ ಕೆಂಪಾಗಿತ್ತು. ಜಯದೇವಿಗೆ ನಮಸ್ಕಾರವನ್ನೂ ಹೇಳದೆ, ಆ ಸ್ಪ್ರಿಂಗ್ ತೋರಿಸಿ ಅಂಕಲ್ ಎಂದಳು.

ಕೇಳಿಯಾಳು ಎಂದು ಮೊದಲೇ ಒಂದನ್ನು ಇಕ್ಕಳದಿಂದ ಮುರಿದಿಟ್ಟಿದ್ದೆ. ಗ್ಯಾರೇಜಿಗೆ ಕರೆದುಕೊಂಡು ಹೋಗಿ ಕೊಟ್ಟೆ. ಕಿಟಕಿಯ ಹತ್ತಿರ ಒಯ್ದು ತಿರುಗಿಸಿ ತಿರುಗಿಸಿ ನೋಡಿದಳು. ಮುರಿದ ತುದಿ ಹೊಳೆಯುತ್ತಿದೆ ಎಂದಳು. ಸಮುದ್ರದ ಗಾಳಿಗೆ ಒಂದು ವರ್ಷದಲ್ಲಿ ಅದು ತುಕ್ಕು ಹಿಡಿಯಬೇಕಿತ್ತಂತೆ. ಹೌದಲ್ಲ, ಈ ಬುದ್ಧಿ ನನಗೆ ಹೊಳೆಯಲಿಲ್ಲ. ಆಮೇಲೆ ನನ್ನ ಮುಖ ನೋಡದೆ ಕೇಳಿದಳು, ಅಕ್ಕಿ ಸಿಕ್ಕಿತೇ ಎಂದು.

ಸಿಕ್ಕಿತು ಎಂದೆ.

ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು, ವೈನಿ. ಅವತ್ತು ಕಾಳು ಒಳಗೆ ಬೀಳುವುದನ್ನು ಅವಳೂ ನೋಡಿದ್ದಳು, ಶಂಭುವೂ ನೋಡಿದ್ದ. ತೆಗೆಯಬೇಕಲ್ಲವೇ ಎಂದು ಇವಳು ಕೇಳಿದ್ದಾಳೆ. ‘ಇರ್ಲಿ ಬಿಡು ಮಗಳೇ, ದೊಡ್ಡಮ್ಮ ಹಬ್ಬದೂಟ ಮಾಡ್ಲಿ’ ಎಂದು ನಕ್ಕು ಅವನೇ ಮುಚ್ಚಳ ಬಿಗಿಸಿದ್ದಾನೆ. ನಾವು ಯಾರೂ ಕೇಳಿಸಿಕೊಳ್ಳಲಿಲ್ಲ. ನಾನು ಕಲ್ಲು ಹುಡುಕುತ್ತಿದ್ದೆ.

ಹಾಗಿದ್ದರೆ ನನ್ನ ಹೆಸರು ಯಾಕೆ ಹೇಳುತ್ತಿದ್ದೆ ಎಂದು ಕೇಳಿದೆ. ಸಿಟ್ಟಿನಿಂದಲ್ಲ, ನಿಜವಾಗಿ ತಿಳಿಯದೆ ಕೇಳಿದೆ. ಇಷ್ಟು ವರ್ಷ ನನ್ನೊಡನೆ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದವಳು ಕನ್ನಡದಲ್ಲಿ ಹೇಳಿದಳು. ತಡವರಿಸಿಕೊಂಡು ಹೇಳಿದಳು, ನಾನು ಕೇಳಿದ ಹಾಗೇ ಬರೆಯುತ್ತಿದ್ದೇನೆ.

‘ನಾನು ನಿಮ್ಮ ಹೆಸ್ರು ಹೇಳಿದ್ರೆ ಯಾರಾದ್ರೂ ನೋ, ಅವ್ರಲ್ಲ ಅಂತಾರೆ ಅಂದ್ಕೊಂಡೆ. ಆಗ ನಾನು ನಿಜ ಹೇಳ್ಬಹುದು ಅಂತ. ಯಾರೂ ಅನ್ಲಿಲ್ಲ. ಆಮೇಲೆ ನೀವೇ ಬಂದು ಹೌದು ಅಂದ್ರಿ. ಮತ್ತೆ ನಾನು ಯಾರಿಗೆ ಹೇಳ್ಲಿ, ಅಂಕಲ್?’

ನಾನು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ. ಎಂಥ ಉಪಕಾರ ಮಾಡಿದೆವು ನೋಡಿ ನಾವಿಬ್ಬರು. ಹುಡುಗಿ ಒಂದು ಬಾಗಿಲು ತಟ್ಟುತ್ತಿದ್ದಳು, ನಾವು ಒಳಗಿನಿಂದ ಇನ್ನೊಂದು ಚಿಲಕ ಹಾಕಿದೆವು. ಶಂಭು ಹೋದಾಗ ಅತ್ತಿದ್ದೆ, ನಿನ್ನೆ ಮತ್ತೆ ಅತ್ತೆ. ಜಯದೇವಿ ಬಂದು ಅವಳನ್ನು ಒಳಗೆ ಕರೆದುಕೊಂಡು ಹೋಗಿ ರೊಟ್ಟಿಗೆ ಬೆಣ್ಣೆ ಹಾಕಿ ಕೊಟ್ಟಳು. ಅರ್ಧ ತಿಂದಳು.

ಊಟದ ನಡುವೆ ಕೇಳಿದಳು, ಇದು ಅಮ್ಮನಿಗೆ ಗೊತ್ತೇ ಎಂದು. ಮತ್ತೆ ಸುಳ್ಳು ಹೇಳುವ ತ್ರಾಣ ನನ್ನಲ್ಲಿರಲಿಲ್ಲ. ಏಪ್ರಿಲಿನಿಂದ ಗೊತ್ತು ಎಂದೆ. ಇಡೀ ಬೇಸಿಗೆ ಅಮ್ಮ ಪಕ್ಕದಲ್ಲೇ ಕೂತಿದ್ದರಲ್ಲ ಎಂದಳು.

ನಿಮ್ಮನ್ನು ಸಮರ್ಥಿಸಿ ಮಾತಾಡಿದೆ, ಯೋಜನೆ ನನ್ನದೇ ಎಂದೆ. ಅವಳಿಗೆ ಅದು ಬೇಕಾಗಿರಲಿಲ್ಲ. ಅಪ್ಪನೇ ಮುಚ್ಚಳ ಹಾಕಿದ್ದಲ್ಲವೇ, ನಿನ್ನ ತಪ್ಪೇನು ಎಂದು ಜಯದೇವಿ ಎಷ್ಟೋ ವಿಧದಲ್ಲಿ ಹೇಳಿ ನೋಡಿದಳು. ಅದೂ ಬೇಡವಂತೆ. ತಪ್ಪಿಲ್ಲ ಎನ್ನುವ ಮೊದಲು, ಆಗಿದ್ದು ಏನೆಂದು ಯಾರಾದರೂ ನೇರ ಹೇಳಬೇಕಂತೆ. ನಾನು ಹೇಳಿದ್ದೇನೆ. ನಿಮ್ಮ ಬಾಯಿಂದ ಇನ್ನೂ ಕೇಳಿಲ್ಲ.

ಅವಳಿಗೆ ಕನ್ನಡ ಓದಲು ಬರುವುದಿಲ್ಲವಾದ್ದರಿಂದ ಈ ಕಾಗದವನ್ನು ಅವಳೆದುರು ಗಟ್ಟಿಯಾಗಿ ಓದಿ ಲಕೋಟೆಗೆ ಹಾಕುತ್ತಿದ್ದೇನೆ. ಇನ್ನರ್ಧ ಗಂಟೆಯಲ್ಲಿ ರೈಲು. ನೀವು ಇಲ್ಲಿಯ ತನಕ ಓದುವಾಗ ಅವಳು ಬ್ಯಾಗನ್ನೂ ಇಳಿಸದೆ ನಿಮ್ಮೆದುರು ನಿಂತಿರುತ್ತಾಳೆ. ನಿಮಗೆ ಅಳು ಬರಲಿ, ಬಾರದಿರಲಿ, ಅದಕ್ಕೆ ಕಾಯಬೇಡಿ. ಅಕ್ಕಿ ಹಾಕಿದ್ದು ನೀನೇ ಎಂದು ಹೇಳಿ. ಹೇಳಿ, ಅವಳನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ.

ಮಹಾಂತಪ್ಪ